ಶಕ್ತಿಮಾನ್ ಮತ್ತು ಒಂದು ಗೋಣಿಚೀಲ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಹೋದ ತಿಂಗಳು ತಮ್ಮ ಊರಿಂದ ಫೋನ್ ಮಾಡಿ "ಅಣ್ಣಾ, ಗಾಡಿ ಗುಜರಿಗೆ ಕೊಡೂಣು ಅಂತ ಮಾಡೇವಿ, ನೀ ಏನಂತಿ?" ಅಂದ. ಅವತ್ತು ಏನೂ ಹೇಳೋಕೆ ಆಗಲಿಲ್ಲ. ಎರಡು ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಆಮೇಲೆ ಊರಿಗೆ ಹೋಗಿ ಬಂದೆ. ಅದನ್ನೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ಮಾಡ್ಕೊಂಡು ಬಂದು ಕೂತ್ಕೊಳ್ಳಿ :-)

ನಮ್ಮೂರು ಡೋಣಿ. ಬೆಂಗಳೂರಿನಲ್ಲಿ ಊರಿನ ಹೆಸರು ಹೇಳಿದಾಗಲೆಲ್ಲ "ಧೋನಿನಾ?" ಅಂತ ಕೇಳಿಸಿಕೊಂಡಿದ್ದೀನಿ. ಅಲ್ಲ ಮಾರಾಯ್ರೆ, ಡೋಣಿ. ಮುಂಡರಗಿ ತಾಲೂಕು, ಡಂಬಳದ ಹತ್ತಿರ, ಕಪ್ಪತಗುಡ್ಡದ ಬುಡದಲ್ಲಿ. (2019ರಲ್ಲಿ ಆ ಧೋನಿ ಮಿಲಿಟರಿಯ ಹಳೇ ಜೊಂಗಾ ಜೀಪು ಕೊಂಡು ರಾಂಚಿಯಲ್ಲಿ ಓಡಿಸಿದ ಫೋಟೋ ಎಲ್ಲ ಕಡೆ ಬಂತಲ್ಲ, ಆಗ ನಮ್ಮ ತಮ್ಮ "ನೋಡು, ಮಿಲಿಟರಿ ಗಾಡಿ ಹುಚ್ಚು ಧೋನಿಗೂ ಐತಿ, ಡೋಣಿಗೂ ಐತಿ" ಅಂದಿದ್ದ.) ಗುಡ್ಡದ ಕಡೆ ಕಲ್ಲು, ಕೆಂಪು ಮಣ್ಣು. ಇನ್ನೊಂದು ಕಡೆ ಎರಿ ಹೊಲ. ಎರಿ ಮಣ್ಣು ನೋಡದವರಿಗೆ ಹೇಳ್ತೀನಿ: ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಟ್ಟಿರುತ್ತೆ, ಮಳೆ ಬಿದ್ದರೆ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿ ಎರಡರಷ್ಟು ದಪ್ಪ ಆಗುತ್ತೆ. ಹತ್ತಿ, ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರ್ ಸಿಕ್ಕಿಬಿತ್ತು ಅಂದರೆ ಎತ್ತು ಹೂಡಿದರೂ ಬರೋದಿಲ್ಲ. ಇನ್ನೊಂದು ಟ್ರ್ಯಾಕ್ಟರ್ ತಂದರೆ ಅದೂ ಸಿಗುತ್ತೆ.

ಅಂಥ ಹೊತ್ತಿನಲ್ಲಿ ನಮ್ಮನೆಗೆ ಜನ ಬರ್ತಿದ್ದರು. "ಗೌಡ್ರ, ನಿಮ್ಮ ಮಿಲ್ಟ್ರಿ ಗಾಡಿ ಬರಬೇಕ್ರಿ."

ಗಾಡಿ ಅಂದರೆ ಶಕ್ತಿಮಾನ್. ಟಿವಿಯ ಶಕ್ತಿಮಾನ್ ಅಲ್ಲ. ಆ ಧಾರಾವಾಹಿ ಶುರುವಾಗಿದ್ದು 1997ರಲ್ಲಿ, ಈ ಲಾರಿ ಅದಕ್ಕಿಂತ ಬಹಳ ಹಿರಿಯ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ತಗೊಂಡು ಜಬಲ್ಪುರದಲ್ಲಿ ಸೈನ್ಯಕ್ಕಾಗಿ ಮಾಡಿದ್ದು. ಮೊದಲ ಲಾರಿ ಹೊರಗೆ ಬಂದಿದ್ದು 1959ರಲ್ಲಿ, ಕೃಷ್ಣ ಮೆನನ್ ರಕ್ಷಣಾ ಮಂತ್ರಿ ಆಗಿದ್ದಾಗ. 1996ರ ತನಕ ಮಾಡಿದರು. ಆರು ಸಿಲಿಂಡರಿನ ಡೀಸೆಲ್ ಇಂಜಿನ್, ನಾಲ್ಕೂ ಗಾಲಿಗೆ ಎಳೆಯುವ ಶಕ್ತಿ. ಅರವತ್ತೈದರ ಯುದ್ಧ, ಎಪ್ಪತ್ತೊಂದರ ಯುದ್ಧ ಎರಡರಲ್ಲೂ ಸೈನಿಕರನ್ನು ಹೊತ್ತ ಗಾಡಿ. ಸೈನ್ಯಕ್ಕೆ ಬೇಡವಾದ ಮೇಲೆ 'ಕಂಡಮ್' ಅಂತ ಬರೆದು ಹರಾಜಿಗೆ ಹಾಕ್ತಾರೆ. ಗುಂಪು ಗುಂಪಾಗಿ ದೊಡ್ಡ ದಲ್ಲಾಳಿಗಳು ಕೊಳ್ತಾರೆ, ಚೆನ್ನಾಗಿದ್ದುದನ್ನು ಬಣ್ಣ ಹೊಡೆದು ಮಾರ್ತಾರೆ, ಉಳಿದದ್ದನ್ನು ಕತ್ತರಿಸ್ತಾರೆ.

ಅಪ್ಪ ನಮ್ಮ ಗಾಡಿ ತಂದಿದ್ದು 1996ರಲ್ಲಿ, ಪುಣೆ ಕಡೆಯ ಒಬ್ಬ ದಲ್ಲಾಳಿಯಿಂದ. ನಾವಾಗ ಇನ್ನೂ ಧಾರವಾಡ ಜಿಲ್ಲೆ. ಗದಗ ಜಿಲ್ಲೆ ಆಗಿದ್ದು ಮರುವರ್ಷ. ಹಾಗಾಗಿ ನಂಬರು ಕೆಎ 25. ಹಿಂದೆ ಒಂದು ಕಬ್ಬಿಣದ ಕಂಬ, ಅದಕ್ಕೊಂದು ಚೈನ್ ಪುಲ್ಲಿ ಕೂರಿಸಿ ಕ್ರೇನ್ ಥರ ಮಾಡಿಸಿದ್ದರು. ಆ ದಲ್ಲಾಳಿಯ ಹತ್ತಿರ ಅಪ್ಪ ಗಾಡಿಯ ಜೊತೆ ಇನ್ನೊಂದು ವಸ್ತು ತಂದಿದ್ದರು. ಕತ್ತರಿಸಿದ ಇನ್ನೊಂದು ಶಕ್ತಿಮಾನಿನ ಮುಂದಿನ ಆಕ್ಸಲ್ಲಿನ ಜಾಯಿಂಟ್ ಶಾಫ್ಟು, ಎರಡೂ ಕಡೆಯದು, ಜೋಡಿ. ಗ್ರೀಸ್ ಹಚ್ಚಿ, ಟ್ಯೂಬಿನ ರಬ್ಬರ್ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ ಹಿತ್ತಲಿನ ಪತ್ರಾಸ್ ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದರು.

ಆ ಶಾಫ್ಟು ಏನು ಅಂತ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಸಾಮಾನ್ಯ ಲಾರಿಯಲ್ಲಿ ಮುಂದಿನ ಗಾಲಿ ಬರೀ ತಿರುಗುತ್ತೆ, ಹಿಂದಿನ ಗಾಲಿ ಎಳೆಯುತ್ತೆ. ಮಿಲಿಟರಿ ಲಾರಿಯಲ್ಲಿ ಮುಂದಿನ ಗಾಲಿ ಎರಡೂ ಕೆಲಸ ಮಾಡಬೇಕು: ಸ್ಟೇರಿಂಗ್ ತಿರುಗಿಸಿದಂತೆ ತಿರುಗಲೂ ಬೇಕು, ಅದೇ ಹೊತ್ತಿಗೆ ಎಳೆಯಲೂ ಬೇಕು. ಅದಕ್ಕೆ ಗಾಲಿಯ ಹತ್ತಿರ ಶಾಫ್ಟು ನಮ್ಮ ಮೊಣಕೈ ಥರ ಮಡಚಬೇಕು, ಮಡಚಿಕೊಂಡೇ ಸುತ್ತಬೇಕು. ಇಡೀ ಗಾಡಿಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗ ಅದು. ಮತ್ತು ಬೇರೆ ಯಾವ ಲಾರಿಯ ಅಂಗಡಿಗೆ ಹೋದರೂ ಸಿಗದ ಜಾಗ.

ಉಳಿದ ಪಾರ್ಟುಗಳ ಕಥೆ ಅಷ್ಟು ಕಷ್ಟ ಇರಲಿಲ್ಲ. ಇದನ್ನು ನಾನು ಅಪ್ಪನಿಂದ ಕಲಿತೆ. "ಶಕ್ತಿಮಾನಿಂದು ಬೇರಿಂಗ್ ಕೊಡ್ರಿ" ಅಂತ ಅಂಗಡಿಯಲ್ಲಿ ಕೇಳಿದರೆ "ಇಲ್ರಿ" ಅಂತಾರೆ. ಹಳೇ ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ಅಂಚು ನೋಡಿದರೆ ನಂಬರು ಇರುತ್ತೆ. 6308 ಅಂತ ಇದ್ದರೆ, ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸು, 40. ಒಳಗಿನ ತೂತು 40 ಮಿಲಿಮೀಟರ್. ಹೊರಗಿನದು 90, ದಪ್ಪ 23. ಅದು ಜಬಲ್ಪುರದ ಲಾರಿಯಲ್ಲೂ ಅಷ್ಟೇ, ಹಿಟ್ಟಿನ ಗಿರಣಿಯ ಮೋಟಾರಿನಲ್ಲೂ ಅಷ್ಟೇ, ಜಗತ್ತಿನ ಯಾವ ಮೂಲೆಯಲ್ಲೂ ಅಷ್ಟೇ. ಆಯಿಲ್ ಸೀಲಿಗೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಮೂರು ಸಂಖ್ಯೆ ಹೇಳಿದರೆ ಸಾಕು. "ಅಂಗಡ್ಯಾಂವಗ ಗಾಡಿ ಹೆಸರು ಹೇಳಬ್ಯಾಡ ತಮ್ಮಾ, ಹೆದರತಾನ. ಅಳತಿ ಹೇಳು" ಅಂತಿದ್ದರು. ಅಪ್ಪನ ಹತ್ತಿರ ಒಂದು ಹಳೇ ಡೈರಿ ಇತ್ತು. ಅದರ ತುಂಬಾ ಬರೀ ಅಳತೆಗಳು. ಯಾವ ಬೋಲ್ಟು, ಯಾವ ಸೀಲು, ಹುಬ್ಬಳ್ಳಿಯ ಯಾವ ಅಂಗಡಿಯಲ್ಲಿ ಯಾವ ವರ್ಷ ಸಿಕ್ಕಿತು, ಎಷ್ಟಕ್ಕೆ. ಮನೆಯ ಖರ್ಚನ್ನು ಮಾತ್ರ ಎಲ್ಲೂ ಬರೆದಿಟ್ಟದ್ದು ನೋಡಿಲ್ಲ. ಅವ್ವನಿಗೆ ಇವತ್ತಿಗೂ ಅದೇ ಸಿಟ್ಟು.

ಅಪ್ಪನಿಗೆ ಇದನ್ನು ಕಲಿಸಿದವರು ಗದಗಿನ ಒಬ್ಬ ಉಸ್ತಾದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು, ಅಮೆರಿಕದವರು ಇಲ್ಲಿ ಬಿಟ್ಟುಹೋದ ಲಾರಿಗಳು ಹರಾಜಾದವಲ್ಲ, ಅವರು ಆ ಕಾಲದ ಮನುಷ್ಯ. ಆ ಯುದ್ಧಕ್ಕೆ ಅಂತ ಕೆನಡಾದಲ್ಲೇ ಫೋರ್ಡು, ಶೆವ್ರೊಲೆಟ್ಟು ನಾಲ್ಕು ಲಕ್ಷದಷ್ಟು ಮಿಲಿಟರಿ ಲಾರಿ ಮಾಡಿದ್ದರು, ಅದರಲ್ಲಿ ಒಂದು ಪಾಲು ನಮ್ಮ ದೇಶಕ್ಕೂ ಬಂದಿತ್ತು. ಉಸ್ತಾದರು ಅಪ್ಪನಿಗೆ ಮೊದಲ ದಿನವೇ ಎರಡು ಅರ್ಧ ಇಂಚಿನ ಬೋಲ್ಟು ಕೊಟ್ಟು, ಒಂದರ ನಟ್ಟು ಇನ್ನೊಂದಕ್ಕೆ ಹಾಕು ಅಂದರಂತೆ. ಒಂದೆರಡು ಸುತ್ತು ಹೋಯ್ತು, ಆಮೇಲೆ ಹಿಡಿದುಕೊಂಡಿತು. ಅಪ್ಪ ಪಾನಾ ಹಾಕಿ ಬಿಗಿ ಮಾಡೋಕೆ ಹೋದಾಗ ಉಸ್ತಾದರು ಕೈ ಮೇಲೆ ಹೊಡೆದರಂತೆ. ಬ್ರಿಟಿಷರ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ ಹನ್ನೆರಡು ಆಟೆ, ಅಮೆರಿಕದ್ದಕ್ಕೆ ಹದಿಮೂರು. ಕಣ್ಣಿಗೆ ಎರಡೂ ಒಂದೇ. ಜೋರು ಮಾಡಿದರೆ ಬೋಲ್ಟೂ ಹೋಗುತ್ತೆ, ಒಳಗಿನ ಆಟೆಯೂ ಹೋಗುತ್ತೆ. ಅದಾದ ಮೇಲೆ ಅಪ್ಪ ಯಾವ ಬೋಲ್ಟನ್ನೂ ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸೋದು. ಶಕ್ತಿಮಾನ್ ಬಂದಾಗ ಎಲ್ಲ ಮಿಲಿಮೀಟರ್ ಲೆಕ್ಕ, ಹೊಸ ಪಾನಾ ಸೆಟ್ಟು ಕೊಳ್ಳಬೇಕಾಯ್ತು.

ಇರಲಿ, ವಿಷಯಕ್ಕೆ ಬರ್ತೀನಿ.

2009ರ ಅಕ್ಟೋಬರ್ ಶುರುವಿನ ಆ ಮಳೆ ಉತ್ತರ ಕರ್ನಾಟಕದ ಯಾರೂ ಮರೆತಿರಲಿಕ್ಕಿಲ್ಲ. ಮಲಪ್ರಭಾ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ರೋಣ ತಾಲೂಕಿನಲ್ಲಿ ನಮ್ಮ ಅತ್ತೆಯ ಊರು. ಅಪ್ಪ ಗಾಡಿ ತಗೊಂಡು ಹೋದರು. ನಾಲ್ಕು ದಿನ ಅಲ್ಲೇ ಇದ್ದು ಜನ, ಕಾಳಿನ ಚೀಲ, ದನ, ಒಂದು ಹೊಲಿಗೆ ಮಶಿನ್ ಸಮೇತ ಎಳೆದು ತಂದರು. ನೀರು ಮುಂದಿನ ಹಬ್ಬಿನ ಮೇಲೆ ಬಂದಿತ್ತು. ಮನೆಗೆ ಬಂದ ಮೇಲೆ ಕೂಡಲೇ ಹಬ್ ಬಿಚ್ಚಿ ತೊಳೆಯಬೇಕಿತ್ತು. ಅಪ್ಪನಿಗೆ ಜ್ವರ ಬಂತು, ಆಮೇಲೆ ಸುಗ್ಗಿ, ಆಮೇಲೆ ನನ್ನ ಮದುವೆ ಮಾತುಕತೆ. ಬಿಚ್ಚಿದಾಗ ಒಳಗಿನ ಗ್ರೀಸು ಮಜ್ಜಿಗೆ ಆಗಿತ್ತು. ಎರಡೂ ಕಡೆಯ ಜಾಯಿಂಟುಗಳಿಗೆ ಜಂಗ್ ತಿಂದು ಗುಳಿ ಬಿದ್ದಿತ್ತು. ಅಪ್ಪ ಏನೂ ಚಿಂತೆ ಮಾಡಲಿಲ್ಲ. "ಜೋಡಿ ಐತಲ್ಲ, ಮದಿವಿ ಮುಗಿಲಿ, ಹಾಕೂಣು" ಅಂದರು.

ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಬೆಂಗಳೂರಿನಲ್ಲಿದ್ದೆ.

2010ರ ಮೇ ತಿಂಗಳು. ಮದುವೆಗೆ ಹದಿನೈದು ದಿನ ಮೊದಲು ಊರಿಗೆ ಬಂದೆ. ಹೆಣ್ಣಿನ ಕಡೆಯವರು ಬರ್ತಾರೆ, ಹಿತ್ತಲು ನೋಡಿದರೆ ಏನಂತಾರೆ ಅಂತ ನನಗೇ ನಾಚಿಕೆ. ಅಪ್ಪ ಲಗ್ನಪತ್ರ ಹಂಚೋಕೆ ಹೋಗಿದ್ದರು. ಗುಜರಿಯವನು ತಳ್ಳುಗಾಡಿ ತಳ್ಕೊಂಡು ಬೀದಿಯಲ್ಲಿ ಕೂಗ್ತಾ ಬಂದ. ಶೆಡ್ಡಿನಲ್ಲಿದ್ದ ಮುರುಕು ಬಕೆಟ್, ಕುಂಟೆಯ ಕುಡ, ಹಳೇ ಸ್ಟೋವ್, ಮತ್ತು ಆ ಗೋಣಿಚೀಲ. ಚೀಲ ಬಿಚ್ಚಿ ನೋಡಿದೆ. ಕರೀ ಜಿಡ್ಡು, ಅದರೊಳಗೆ ಎರಡು ಕಬ್ಬಿಣದ ತುಂಡು. ಒಟ್ಟು 58 ಕಿಲೋ, ಕಿಲೋಕ್ಕೆ 17 ರೂಪಾಯಿಯಂತೆ 986 ಆಯ್ತು. ಅದರಲ್ಲೇ ಬಾಗಿಲಿಗೆ ಹಸಿರು ಬಣ್ಣದ ಡಬ್ಬಿ ತಂದೆ. ನಾನೇ ನಿಂತು ಬಳಿದೆ. ಬಹಳ ಕೆಲಸ ಮಾಡಿದೆ ಅಂತ ಹೆಮ್ಮೆ ಬೇರೆ.

ಸಂಜೆ ಅಪ್ಪ ಬಂದರು. ಕೈಕಾಲು ತೊಳೆಯೋಕೆ ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೇಳಿದರು.

"ತಮ್ಮಾ, ಈ ಮೂಲ್ಯಾಗಿನ ಚೀಲ ಎಲ್ಲಿ ಹೋತು?"

"ಗುಜರಿಯಂವಗ ಕೊಟ್ಟೆ ಅಪ್ಪಾ. ಬರೇ ಹಳೇ ಕಬ್ಬಿಣ ಇತ್ತು."

ಸ್ವಲ್ಪ ಹೊತ್ತು ನೀರಿನ ಸಪ್ಪಳ ಮಾತ್ರ. ಆಮೇಲೆ "ಎಷ್ಟೊತ್ತಿಗೆ ಹೋದ ಅಂವ?" ಅಂದರು. ಬೆಳಿಗ್ಗೆ ಅಂದೆ. ಒಳಗೆ ಬಂದು ಟವೆಲ್ಲಿಗೆ ಮುಖ ಒರೆಸಿಕೊಂಡು ಸೈಕಲ್ ತಗೊಂಡು ಹೋದರು. ರಾತ್ರಿ ಹತ್ತಕ್ಕೆ ವಾಪಸ್ ಬಂದರು. ಅವನು ಡಂಬಳದಲ್ಲಿ ಲಾರಿಗೆ ತುಂಬಿ ಕಳಿಸಿಯಾಗಿತ್ತಂತೆ. ಊಟ ಮಾಡಿ ಮಲಗಿದರು. ಚೀಲದಲ್ಲಿ ಏನಿತ್ತು ಅಂತ ನನಗೆ ಮರುದಿನ ಹೇಳಿದ್ದು ತಮ್ಮ. ಅಪ್ಪ ಅವತ್ತೂ ಏನೂ ಅನ್ನಲಿಲ್ಲ, ಇವತ್ತಿನ ತನಕ ಏನೂ ಅಂದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಎಷ್ಟು ಸಲ ಅನ್ನಿಸಿದೆಯೋ.

ಮದುವೆ ಆಯ್ತು. ಅಪ್ಪ ಮುಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿ ಇಟ್ಟು, ಬರೀ ಹಿಂದಿನ ಗಾಲಿಯಲ್ಲಿ ಗಾಡಿ ಓಡಿಸೋಕೆ ಶುರು ಮಾಡಿದರು. ರಸ್ತೆಯಲ್ಲಿ ಓಡೋಕೆ ತೊಂದರೆ ಇಲ್ಲ. ಎರಿ ಹೊಲಕ್ಕೆ ಇಳಿಯೋ ಹಾಗಿಲ್ಲ. ಆ ಮಳೆಗಾಲ ಜನ ಕರೆಯೋಕೆ ಬಂದಾಗ "ಗಾಡಿ ರಿಪೇರಿಗೆ ಐತ್ರಿ" ಅಂತಿದ್ದರು. ಯಾಕೆ ರಿಪೇರಿ, ಏನಾಗಿದೆ ಅಂತ ಯಾರಿಗೂ ಹೇಳಲಿಲ್ಲ.

2011ರಲ್ಲಿ ಬೆಟಗೇರಿಯಲ್ಲಿ ಒಂದು ಲೇಥ್ ಅಂಗಡಿಯಲ್ಲಿ ಹಳೇ ಶಾಫ್ಟಿನ ಮಾದರಿ ಕೊಟ್ಟು ಹೊಸ ಜೋಡಿ ಮಾಡಿಸಿದೆವು. ಖರ್ಚು ನಾನೇ ಕೊಟ್ಟೆ. ಮಿಸ್ತ್ರಿ ಚಾಚಾ ಕೈ ಬಹಳ ಚೊಕ್ಕ, ಕನ್ನಡಿ ಹಾಗೆ ಹೊಳೀತಿತ್ತು. ಮೂರನೇ ಸಲ ಎರಿಯಲ್ಲಿ ಹತ್ತಿ ಟ್ರ್ಯಾಕ್ಟರ್ ಎಳೆಯುವಾಗ 'ಕಟ್' ಅಂತ ಸಪ್ಪಳ ಆಯ್ತಂತೆ. ಬಿಚ್ಚಿ ನೋಡಿದರೆ ಶಾಫ್ಟಿನ ಹಲ್ಲುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದವು. ತಪ್ಪು ಚಾಚಾದಲ್ಲ. ಸಿಗೋದು ಇಎನ್ 8 ಅನ್ನೋ ಸಾಧಾರಣ ಉಕ್ಕು, ನಾವೂ ಕೇಳಿದ್ದು ಅದನ್ನೇ. ಅದು ಪಂಪಿನ ಶಾಫ್ಟಿಗೆ ಸರಿ. ಇಲ್ಲಿ ಬೇಕಾಗಿದ್ದು ನಿಕಲ್, ಕ್ರೋಮಿಯಂ ಬೆರೆಸಿದ ಇಎನ್ 24, ಅದನ್ನೂ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಮಾಡಬೇಕು. ಇದೆಲ್ಲ ನಮಗೆ ಗೊತ್ತಾಗಿದ್ದು ಮುರಿದ ಮೇಲೆ. ಈ ಸಲ ಹಳೇ ಮಾದರಿಯೂ ಸವೆದು ಅಳತೆ ನಂಬೋ ಹಾಗಿರಲಿಲ್ಲ. ಒಳ್ಳೆಯದೊಂದು ಅಸಲಿ ತುಂಡು ಬೇಕಿತ್ತು.

ಹುಡುಕೋದು ನನ್ನ ಪಾಲಿಗೆ ಬಂತು. ಯಾರೂ ವಹಿಸಲಿಲ್ಲ, ನಾನೇ ತಗೊಂಡೆ. ಭಾನುವಾರ ಬಂದರೆ ಶಿವಾಜಿನಗರದ ಗುಜರಿ. ಹೆಂಡತಿ ಮೊದಲ ಎರಡು ವಾರ ಜೊತೆಗೆ ಬಂದಳು, ಆಮೇಲೆ "ನೀವೇ ಹೋಗ್ಬನ್ನಿ" ಅಂದಳು. ಅಲ್ಲಿ ಕಾರು, ಸ್ಕೂಟರು ಬಿಟ್ಟರೆ ಜಾಸ್ತಿ ಅಂದರೆ ಜೊಂಗಾ. ಒಬ್ಬ ಹುಡುಗ "ಶಕ್ತಿಮಾನಾ? ಟಿವಿದಾ ಅಣ್ಣ?" ಅಂತ ನಕ್ಕ. ಜೆ.ಸಿ. ರಸ್ತೆಯ ಒಬ್ಬ ಹಿರಿಯ ಅಂಗಡಿಯವರು ಮಾತ್ರ ಕೂರಿಸಿ ಚಹಾ ಕೊಟ್ಟು, "ಸೈನ್ಯದವರ ಪಾರ್ಟು ಸೈನ್ಯದೊಳಗೇ ಓಡಾಡುತ್ತೆ ಸಾರ್, ಅಂಗಡಿಗೆ ಬರಲ್ಲ. ಗಾಡಿ ಕತ್ತರಿಸೋ ಜಾಗಕ್ಕೇ ಹೋಗಬೇಕು" ಅಂದರು. ಪುಣೆಯಲ್ಲಿದ್ದ ಗೆಳೆಯ ನನಗೋಸ್ಕರ ಎರಡು ಕಡೆ ಹೋಗಿ ಬಂದ. ಅವನಿಗೂ ಇದೇ ಮಾತು ಹೇಳಿದರಂತೆ, ಮತ್ತು ಒಂದು ಊರಿನ ಹೆಸರು. ಪಾನಾಗಡ.

2014ರ ಚಳಿಗಾಲದಲ್ಲಿ ಕಂಪನಿ ಕೆಲಸಕ್ಕೆ ಕೋಲ್ಕತಾ ಹೋಗೋದು ಬಂತು. ಎರಡು ದಿನ ರಜೆ ಸೇರಿಸಿಕೊಂಡೆ. ಎಲ್ಲರೂ ಡಾರ್ಜಿಲಿಂಗ್ ಅಂದ್ಕೊಂಡರು :-)

ಪಾನಾಗಡ ದುರ್ಗಾಪುರಕ್ಕಿಂತ ಸ್ವಲ್ಪ ಮೊದಲು ಸಿಗುತ್ತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಅಲ್ಲಿ ದೊಡ್ಡ ವಿಮಾನ ನಿಲ್ದಾಣ ಮಾಡಿದ್ದರು. ಇವತ್ತಿಗೂ ಅಲ್ಲಿ ಸೈನ್ಯ, ವಾಯುಪಡೆ ಎರಡೂ ಇವೆ. ಜಿ.ಟಿ. ರಸ್ತೆಯ ಅಕ್ಕಪಕ್ಕ ಹಳೇ ಮಿಲಿಟರಿ ಗಾಡಿ ಬಿಚ್ಚಿ ಮಾರುವ ಅಂಗಡಿಗಳು. ಅಂಗಡಿ ಅಂದರೆ ಬಯಲು. ಒಂದು ಕಡೆ ಬರೀ ಕ್ಯಾಬಿನ್ನುಗಳು, ತಲೆ ಕಡಿದಿಟ್ಟ ಹಾಗೆ. ಒಂದು ಕಡೆ ಚೆಸ್ಸಿ. ಒಂದು ಕಡೆ ಗುಡ್ಡದಷ್ಟು ಟೈರು. ಸೈನ್ಯದ ಹಸಿರು ಬಣ್ಣ ಬಿಸಿಲಿಗೆ ಸುಟ್ಟು ಬೂದಿ ಬಣ್ಣ ಆಗಿತ್ತು. ನಮ್ಮ ಗಾಡಿಯ ಮುಖ ಅಷ್ಟು ಸಂಖ್ಯೆಯಲ್ಲಿ ಒಟ್ಟಿಗೆ ನೋಡಿದ್ದು ಅದೇ ಮೊದಲು. ಒಂಥರಾ ಆಯ್ತು.

ನನ್ನ ಹಿಂದಿ ಅಷ್ಟಕ್ಕಷ್ಟೇ. ಅಪ್ಪನ ಡೈರಿಯ ಅಳತೆ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ಹಳೇ ಶಾಫ್ಟಿನ ಫೋಟೋ ಇತ್ತು. ನಾಲ್ಕು ಕಡೆ ಇಲ್ಲ ಅಂದರು. ಐದನೇ ಕಡೆ ಒಬ್ಬ ಹುಡುಗ ಫೋಟೋ ನೋಡಿ, ಏನೂ ಮಾತಾಡದೆ ರಾಶಿಯೊಳಗೆ ಹೊಕ್ಕು, ಅರ್ಧ ಗಂಟೆ ಕಬ್ಬಿಣ ಸರಿಸಿ, ಒಂದನ್ನು ಎಳೆದು ತಂದ. ಹಳೇ ಗ್ರೀಸಿನ ಮೇಲೆ ಮಣ್ಣು ಮೆತ್ತಿತ್ತು. ಉಗುರಲ್ಲಿ ಕೆರೆದೆ. ಒಳಗೆ ಉಕ್ಕು ಹೊಸದರ ಹಾಗಿತ್ತು. ಜೋಡಿ ಎಲ್ಲಿ ಅಂತ ಕೇಳಿದೆ. ಮಾಲೀಕ ಕೈ ಅಲ್ಲಾಡಿಸಿದ. ಹೋದ ವಾರ ಕರಗಿಸೋಕೆ ಲೋಡು ಹೋಯ್ತು, ಅದರಲ್ಲಿ ಹೋಗಿರಬೇಕು ಅಂದ.

ಅದನ್ನು ಕೇಳಿ ನನಗೆ ಅವನ ಮೇಲೆ ಸಿಟ್ಟು ಬಂತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕರಗಿಸೋಕೆ ಕಳಿಸೋದು ಅಂದರೆ ಏನರ್ಥ? ಬುದ್ಧಿ ಬೇಡವಾ? ಹೀಗೆ ಮನಸ್ಸಿನಲ್ಲೇ ಬೈತಾ ಇದ್ದವನಿಗೆ 986 ರೂಪಾಯಿ, ಹಸಿರು ಬಣ್ಣದ ಡಬ್ಬಿ ನೆನಪಾಯ್ತು. ಸುಮ್ಮನೆ ದುಡ್ಡು ಕೊಟ್ಟು ಚೀಲಕ್ಕೆ ಹಾಕಿಸಿಕೊಂಡೆ.

ವಿಮಾನದಲ್ಲಿ ತರೋ ಹಾಗಿರಲಿಲ್ಲ. ಹೌರಾದಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆಯಲ್ಲ, ಅದು ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ನೇರ ಗದಗಕ್ಕೇ ಬರುತ್ತೆ. ಸ್ಲೀಪರಿನ ಕೆಳಗಿನ ಬರ್ತಿನ ಅಡಿಯಲ್ಲಿ ಚೀಲ ಇಟ್ಟು ಎರಡು ರಾತ್ರಿ ಅದರ ಮೇಲೆ ಕಣ್ಣಿಟ್ಟು ಬಂದೆ. ಎದುರು ಸೀಟಿನ ಅಜ್ಜ "ಅಂದಾಗ ಅದರಾಗ ಏನೈತ್ರಿ?" ಅಂತ ಕೇಳಿದ್ದು ಬಳ್ಳಾರಿ ದಾಟಿದ ಮೇಲೆ. ನಮ್ಮ ಭಾಷೆ ಕೇಳಿ ಜೀವ ಬಂದ ಹಾಗಾಯ್ತು.

ಅಪ್ಪ ಗದಗ ಸ್ಟೇಶನ್ನಿಗೆ ಬಂದಿದ್ದರು. ಪ್ಲಾಟ್‌ಫಾರ್ಮಿನಲ್ಲೇ ಕುಕ್ಕರುಗಾಲಲ್ಲಿ ಕೂತು ಚೀಲ ಬಿಚ್ಚಿದರು. ತೋರುಬೆರಳಿನಿಂದ ಹಲ್ಲು ಒಂದೊಂದೇ ಎಣಿಸಿದರು. ಜಾಯಿಂಟನ್ನು ಹಾಗೆ ಹೀಗೆ ಮಡಚಿದರು. ನನ್ನ ಮುಖ ನೋಡಲಿಲ್ಲ. "ಅಸಲಿ ಐತಿ" ಅಂದರು. ಆಮೇಲೆ "ಒಂದ ಐತೇನು?"

"ಒಂದು ಹಾಕಿದ್ರ ಒಂದು ಗಾಲಿನರ ಎಳಿತೈತಲ್ಲ ಅಪ್ಪಾ?"

ಅಪ್ಪ ನಕ್ಕುಬಿಟ್ಟರು. "ಇಂಜಿನಿಯರಿಂಗ್ ಏನ್ ಕಲಿಸ್ಯಾರೋ ನಿಮಗ. ಡಿಫರೆನ್ಸಿಯಲ್ ಏನು ಸುಮ್ನ ಕೂಡ್ತೈತಿ? ಶಾಫ್ಟ್ ಇಲ್ಲದ ಕಡೆ ಖಾಲಿ ತಿರುಗತೈತಿ, ಶಾಫ್ಟ್ ಇದ್ದ ಗಾಲಿ ನಿಂತ ನೋಡತೈತಿ." ಖರೆ. ಕೆಸರಲ್ಲಿ ಸಿಕ್ಕ ಗಾಡಿಯ ಒಂದು ಗಾಲಿ ಗಿರಗಿರ ತಿರುಗಿ ಇನ್ನೊಂದು ಸುಮ್ಮನೆ ನಿಂತಿರೋದನ್ನು ನಾವೆಲ್ಲ ನೋಡಿದ್ದೀವಿ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಚಿತ್ರ ಬರೆದವನು ನಾನು. ಆದರೆ ಅಪ್ಪ ನಕ್ಕಿದ್ದು ನೋಡಿ ನನಗೆ ಆ ಬೆಳಿಗ್ಗೆ ಬೇರೇನೂ ಬೇಕಿರಲಿಲ್ಲ.

ಪಾನಾಗಡದ ತುಂಡನ್ನು ಮಾದರಿಯಾಗಿ ಇಟ್ಟುಕೊಂಡು ಇನ್ನೊಂದನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮಾಡಿಸಿದೆವು, 2015ರಲ್ಲಿ. ಇಎನ್ 24 ದಿಮ್ಮಿಯನ್ನೇ ಕೊರೆದು, ಮಿಲ್ಲಿಂಗ್ ಮಶಿನ್ನಿನಲ್ಲಿ ಹಲ್ಲು ಒಂದೊಂದೇ ಕತ್ತರಿಸಿ, ಆಮೇಲೆ ಹದಕ್ಕೆ ಕಳಿಸಿ. ಮೂರು ವಾರ ಹಿಡೀತು. ಎಷ್ಟು ಖರ್ಚಾಯ್ತು ಅಂತ ಬರೆದರೆ ಹೆಂಡತಿ ಇದನ್ನು ಓದ್ತಾಳೆ, ಹಾಗಾಗಿ ಬೇಡ.

ಆ ವರ್ಷದ ಮಳೆಗೆ ಗಾಡಿ ಎರಿಗೆ ಇಳೀತು. ನಾನೂ ಇದ್ದೆ. ಅಪ್ಪ ಮುಂದಿನ ಗಾಲಿಯ ಪಕ್ಕ ನೆಲಕ್ಕೆ ಬಗ್ಗಿ ನಡೀತಾ "ಹೂಂ, ಬಿಡು, ಸಾವಕಾಶ" ಅಂತ ಹೇಳ್ತಾ ಇದ್ದರು, ತಮ್ಮ ಓಡಿಸ್ತಾ ಇದ್ದ. ಎರಡು ಟ್ರ್ಯಾಕ್ಟರ್ ಒಂದಕ್ಕೊಂದು ಕಟ್ಟಿಕೊಂಡೇ ಹೊರಗೆ ಬಂದವು.

ಅದಾದ ಮೇಲೆ ಹೇಳುವಂಥದ್ದು ಬಹಳ ಇಲ್ಲ. ಗಾಡಿ ನಾಲ್ಕೈದು ವರ್ಷ ಚೆನ್ನಾಗಿ ದುಡೀತು. ಅಷ್ಟರಲ್ಲಿ ಸುತ್ತಲಿನ ಪ್ರತಿ ಊರಿಗೂ ಜೆಸಿಬಿ ಬಂತು, ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರೂ ಬಂತು. ಮಿಲಿಟರಿ ಗಾಡಿ ಕರೆಯೋರು ಕಡಿಮೆ ಆದರು. ಫಿಟ್‌ನೆಸ್ ಸರ್ಟಿಫಿಕೇಟ್ ಮುಗೀತು, ಮತ್ತೆ ಮಾಡಿಸೋಕೆ ಹೋಗಲಿಲ್ಲ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಕೇಂದ್ರ ಸರ್ಕಾರ ಬೇರೆ ನಿಯಮ ತಂದಾಗ ನಾನು ಆಸೆಯಿಂದ ಪೂರ್ತಿ ಓದಿದೆ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ವ್ಯಾಪಾರಕ್ಕೆ ಬಳಸಿರಬಾರದು, 20,000 ರೂಪಾಯಿ ಫೀ. ಕಾರು, ಬೈಕು ಇಟ್ಟುಕೊಂಡ ದೊಡ್ಡವರಿಗೆ ಸರಿ. ಹಿಂದೆ ಕ್ರೇನಿನ ಕಂಬ ನಿಲ್ಲಿಸಿಕೊಂಡು ಹೊಟ್ಟೆಗಾಗಿ ದುಡಿದ ಲಾರಿಗೆ ಅದರಲ್ಲಿ ಜಾಗ ಇಲ್ಲ. ಬೇವಿನ ಮರದ ಕೆಳಗೆ ನಿಂತಿತ್ತು. ಖಂಡೇನವಮಿಗೆ ತೊಳೆದು, ಕಬ್ಬು ಕಟ್ಟಿ, ಲಿಂಬೆಹಣ್ಣು ಇಟ್ಟು ಒಂದು ಸಲ ಸ್ಟಾರ್ಟ್ ಮಾಡ್ತಿದ್ದರು. ಈಗ ತಮ್ಮನಿಗೆ ಆ ಜಾಗದಲ್ಲಿ ಮನೆಗೆ ಎರಡು ಕೋಣೆ ಕಟ್ಟಬೇಕು. ಅವನಿಗೂ ಮಕ್ಕಳು ದೊಡ್ಡವರಾಗ್ತಿದ್ದಾರೆ. ಅವನ ಮಾತಿನಲ್ಲಿ ತಪ್ಪಿಲ್ಲ.

ಊರಿಗೆ ಹೋದಾಗ ನಾನೇ ಮೊದಲು ಮಾತು ತೆಗೆದೆ. ಗಾಡಿ ಕೊಡೋದು ಬೇಡ, ಹಿತ್ತಲಿಗೆ ಸರಿಸೋಣ, ಪತ್ರಾಸ್ ಹಾಕಿಸ್ತೀನಿ, ಖರ್ಚು ನಂದು ಅಂತ ಏನೇನೋ ಹೇಳಿದೆ. ಅಪ್ಪ ಕಟ್ಟೆ ಮೇಲೆ ಕೂತು ಕೇಳ್ತಾ ಇದ್ದರು. ಈಗ ಎಪ್ಪತ್ತೊಂಬತ್ತು. ಎರಡೂ ಕಣ್ಣಿನ ಆಪರೇಷನ್ ಆಗಿದೆ, ಕೈ ಸ್ವಲ್ಪ ನಡುಗುತ್ತೆ.

"ಕೊಡ್ರಿ" ಅಂದರು. "ನಿಂತ ಗಾಡಿ ಏನ್ ಚಂದ? ಆದ್ರ ಮುಂದಿನ ಜೋಡಿ ಶಾಫ್ಟ್ ಬಿಚ್ಚಿಟ್ಟು ಕೊಡ್ರಿ."

ತಮ್ಮ ನಕ್ಕ. "ಅವನ್ನ ತಗೊಂಡು ಏನ್ ಮಾಡೂದು ಅಪ್ಪಾ? ಈಗ ಯಾರು ಬರ್ತಾರ ಕೇಳಾಕ?"

ಅಪ್ಪ ನನ್ನ ಕಡೆ ಕೈ ತೋರಿಸಿದರು. "ಇಂವ ಹೋಗಿದ್ದಿಲ್ಲೇನು ಕೇಳ್ಕೋತ, ಎಲ್ಲಿಗೋ ಬಂಗಾಲಕ್ಕ?"

ಬಿಚ್ಚೋಕೆ ನನಗೂ ತಮ್ಮನಿಗೂ ಎರಡು ದಿನ ಹಿಡೀತು. ಬೋಲ್ಟುಗಳು ಜಂಗ್ ಹಿಡಿದಿದ್ದವು, ರಾತ್ರಿ ಡೀಸೆಲ್ ಸುರಿದು ಬಿಟ್ಟು ಬೆಳಿಗ್ಗೆ ಪಾನಾ ಹಾಕಬೇಕಾಯ್ತು. ಅಪ್ಪ ಸ್ಟೂಲ್ ಹಾಕ್ಕೊಂಡು ಕೂತು ಒಂದೊಂದು ಬೋಲ್ಟಿಗೂ ಹೇಳ್ತಿದ್ದರು. ಒಳಗೆ ಗ್ರೀಸು ಇನ್ನೂ ಹಳದಿಯಾಗೇ ಇತ್ತು. ಹುಬ್ಬಳ್ಳಿಯ ಶಾಫ್ಟು ಒಂದಿಷ್ಟೂ ತಿರುಚಿಲ್ಲ. ಪಾನಾಗಡದ್ದರಲ್ಲಿ ಒಂದು ಬೇರಿಂಗ್ ಕಪ್ ಸ್ವಲ್ಪ ಸವೆದಿತ್ತು. ಅಪ್ಪ ಅದನ್ನು ಬೆರಳಲ್ಲಿ ಮುಟ್ಟಿ ಗುರುತು ಹಿಡಿದು, ಹೊಸದು ತಂದು ಹಾಕಿಯೇ ಕಟ್ಟಿಡಬೇಕು ಅಂದರು. ಅಳತೆ ಡೈರಿಯಲ್ಲಿತ್ತು. ತಮ್ಮ ಗದಗಕ್ಕೆ ಹೋಗಿ ತಂದ.

ನಾನು ಬೆಂಗಳೂರಿಗೆ ಹೊರಟ ದಿನ ಟ್ರೇಲರ್ ಬಂದು ಗಾಡಿ ಹೇರಿಕೊಂಡು ಹೋಯ್ತು. ಈಗಿನ ನಿಯಮದ ಪ್ರಕಾರ ನೋಂದಾಯಿತ ಕೇಂದ್ರಕ್ಕೇ ಕೊಡಬೇಕಂತೆ, ಕಾಗದವೆಲ್ಲ ತಮ್ಮ ನೋಡಿಕೊಂಡ. ಅಪ್ಪ ಹೊರಗೆ ಬರಲಿಲ್ಲ, ಒಳಗೆ ರೇಡಿಯೋ ಹಚ್ಕೊಂಡು ಕೂತಿದ್ದರು.

ಶಾಫ್ಟುಗಳು ಮನೆಯಲ್ಲಿವೆ. ಜೋಡಿ. ಗ್ರೀಸ್ ಹಚ್ಚಿ, ಟ್ಯೂಬು ಸುತ್ತಿ, ಹೊಸ ಗೋಣಿಚೀಲದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೀವಿ. ಚೀಲದ ಮೇಲೆ ಹಸಿರು ಬಣ್ಣದಲ್ಲಿ ದಪ್ಪಕ್ಕೆ ಬರೆದಿದ್ದೀನಿ: "ಶಕ್ತಿಮಾನ್, ಮುಂದಿನ ಆಕ್ಸಲ್. ಗುಜರಿಗೆ ಅಲ್ಲ." ನಿಮ್ಮ ಕಡೆ, ಮಲೆನಾಡಿನಲ್ಲಿ ಆಗಲಿ, ಕೊಡಗಿನಲ್ಲಿ ಆಗಲಿ, ಯಾರಾದರೂ ಇನ್ನೂ ಶಕ್ತಿಮಾನ್ ಇಟ್ಟುಕೊಂಡು ಈ ತುಂಡಿಗಾಗಿ ಒದ್ದಾಡ್ತಾ ಇದ್ದರೆ ಒಂದು ಮಾತು ಹೇಳಿ. ದುಡ್ಡು ಬೇಡ ಅಂತ ಅಪ್ಪ ಹೇಳಿದ್ದಾರೆ. ಡೋಣಿಗೆ ಬಂದು ತಗೊಂಡು ಹೋಗಬೇಕು, ಬರುವಾಗ ಗಾಡಿಯ ಫೋಟೋ ಒಂದು ತರಬೇಕು, ಅಷ್ಟೇ.